ಸೈಬರ್ ದಾಳಿಯೂ ಯುದ್ಧವೆಂಬ ಹೆಸರೂ

'ಯುದ್ಧಕೃತ್ಯ' ಎಂಬ ಪದವು ರಾಷ್ಟ್ರಗಳು ವಿಧಿವತ್ತಾಗಿ ಯುದ್ಧವನ್ನು ಸಾರಿ ಹೋರಾಡುತ್ತಿದ್ದ ಕಾಲಕ್ಕೆ ಸೇರಿದುದು. 1945ರ ವಿಶ್ವಸಂಸ್ಥೆಯ ಸನ್ನದು ತನ್ನ ವಿಧಿನಿಷೇಧಗಳನ್ನು ಈ ಪದದ ಮೇಲೆ ನಿಲ್ಲಿಸಲಿಲ್ಲ. ಅದರ ಎರಡನೆಯ ವಿಧಿಯ ನಾಲ್ಕನೆಯ ಖಂಡವು ಪರರಾಷ್ಟ್ರದ ವಿರುದ್ಧ ಬಲಪ್ರಯೋಗವನ್ನು ನಿಷೇಧಿಸುತ್ತದೆ. ಐವತ್ತೊಂದನೆಯ ವಿಧಿಯು 'ಸಶಸ್ತ್ರ ಆಕ್ರಮಣ'ಕ್ಕೆ ಗುರಿಯಾದ ರಾಷ್ಟ್ರಕ್ಕೆ ಆತ್ಮರಕ್ಷಣೆಯ ಹಕ್ಕನ್ನು ಉಳಿಸಿಕೊಡುತ್ತದೆ. ಇವೆರಡೂ ಒಂದೇ ಅಲ್ಲವೆಂದೂ, ಬಲಪ್ರಯೋಗಗಳಲ್ಲಿ ಅತ್ಯಂತ ಘೋರವಾದುದು ಮಾತ್ರ ಸಶಸ್ತ್ರ ಆಕ್ರಮಣವೆನಿಸುವುದೆಂದೂ, ನಿಕರಾಗುವ ದೇಶವು ಅಮೆರಿಕದ ಮೇಲೆ ಹೂಡಿದ್ದ ವ್ಯಾಜ್ಯದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವು 1986ರಲ್ಲಿ ನಿರ್ಣಯಿಸಿತು. ಸೈಬರ್ ದಾಳಿಗಳನ್ನು ಕುರಿತ ಚರ್ಚೆಯು ಬಹುತೇಕ ಈ ಎರಡು ಮೆಟ್ಟಿಲುಗಳ ನಡುವಣ ಅಂತರದಲ್ಲಿಯೇ ನಡೆಯುತ್ತಿದೆ.

ಆಯುಧವು ಯಾವುದೆಂಬುದಕ್ಕಿಂತ ಅದರ ಪರಿಣಾಮವೇನೆಂಬುದನ್ನು ನೋಡಬೇಕೆಂಬ ಮತವು ವಿದ್ವಾಂಸರಲ್ಲಿ ಬಹುಮಟ್ಟಿಗೆ ಮಾನ್ಯವಾಗಿದೆ. 2007ರಲ್ಲಿ ಎಸ್ಟೋನಿಯದ ಬ್ಯಾಂಕುಗಳ, ಪತ್ರಿಕೆಗಳ ಹಾಗೂ ಸರ್ಕಾರಿ ಕಚೇರಿಗಳ ಜಾಲತಾಣಗಳು ಹಲವು ವಾರ ಮತ್ತೆ ಮತ್ತೆ ಸ್ತಬ್ಧವಾದವು. ಜನರಿಗೆ ತೊಂದರೆಯಾಯಿತೇ ಹೊರತು ಒಂದು ಗೋಡೆಯೂ ಕುಸಿಯಲಿಲ್ಲ. ನೇಟೋ ಒಕ್ಕೂಟವು ತನ್ನ ಸಾಮೂಹಿಕ ರಕ್ಷಣೆಯ ವಿಧಿಯನ್ನು ಪ್ರಯೋಗಿಸಲಿಲ್ಲ. 2010ರಲ್ಲಿ ಬೆಳಕಿಗೆ ಬಂದ 'ಸ್ಟಕ್ಸ್‌ನೆಟ್' ಇದಕ್ಕಿಂತ ಭಿನ್ನವಾದುದು. ಇರಾನಿನ ನತಾಂಜ್‌ನಲ್ಲಿ ಯುರೇನಿಯಂ ಸಂಸ್ಕರಿಸುವ ಯಂತ್ರಗಳ ವೇಗವನ್ನೇ ಏರುಪೇರು ಮಾಡಿ ಅವುಗಳನ್ನು ಮುರಿದುಹಾಕಿದ ತಂತ್ರಾಂಶವದು. 2013ರ 'ಟಾಲಿನ್ ಕೈಪಿಡಿ'ಯನ್ನು ರಚಿಸಿದ ನ್ಯಾಯತಜ್ಞರು ಇದನ್ನು ಬಲಪ್ರಯೋಗವೆಂದು ಒಪ್ಪಿದರು. ಸಶಸ್ತ್ರ ಆಕ್ರಮಣವೂ ಹೌದೆ ಎಂಬಲ್ಲಿ ಅವರಲ್ಲಿಯೇ ಭಿನ್ನಮತವುಂಟಾಯಿತು.

ಇಷ್ಟನ್ನೇ ಓದಿದವರಿಗೆ ಇದು ರಾಯಭಾರಿಗಳ ಹಾಗೂ ಸೇನಾಧಿಪತಿಗಳ ಚರ್ಚೆಯೆಂದು ತೋರಬಹುದು. ಹಾಗಲ್ಲವೆಂಬುದಕ್ಕೆ ಒಂದು ನಿದರ್ಶನವನ್ನು ನಾವು ಕೊಂಚ ವಿಸ್ತಾರವಾಗಿ ನೋಡೋಣ.

2017ರ ಜೂನ್ 27ರಂದು, ಉಕ್ರೇನಿನಲ್ಲಿ ತೆರಿಗೆ ಲೆಕ್ಕ ಸಲ್ಲಿಸಲು ಬಳಸುತ್ತಿದ್ದ ತಂತ್ರಾಂಶವೊಂದರ ಮೂಲಕ 'ನಾಟ್‌ಪೆಟ್ಯ' ಎಂಬ ಪೀಡೆಯು ಹರಡಿತು. ಅದು ಒತ್ತೆಹಣ ಕೇಳುವಂತೆ ನಟಿಸುತ್ತಿತ್ತು. ಹಣ ತೆತ್ತರೂ ಕಡತಗಳು ಮರಳಿ ದೊರೆಯುವಂತಿರಲಿಲ್ಲ. ಗುರಿ ಉಕ್ರೇನಾದರೂ ಪೀಡೆಗೆ ಗಡಿಯ ಗೊಡವೆಯಿರಲಿಲ್ಲ. ಡೆನ್ಮಾರ್ಕಿನ ಹಡಗು ಸಂಸ್ಥೆಯಾದ ಮೇರ್ಸ್ಕ್ 45,000 ಗಣಕಯಂತ್ರಗಳನ್ನು ಹೊಸದಾಗಿ ಸಿದ್ಧಗೊಳಿಸಬೇಕಾಯಿತು. ಮುಂಬಯಿಯ ಸಮೀಪದ ಜವಾಹರಲಾಲ್ ನೆಹರೂ ಬಂದರಿನಲ್ಲಿ ಆ ಸಂಸ್ಥೆಯ ಬಳಗವು ನಡೆಸುತ್ತಿದ್ದ ಕಟ್ಟೆಯ ಕೆಲಸಕ್ಕೂ ಅಡ್ಡಿಯಾಯಿತು. ಅಮೆರಿಕದ ಔಷಧ ತಯಾರಕ ಮರ್ಕ್ ಕಂಪನಿಯು ತನಗಾದ ನಷ್ಟ ಸುಮಾರು 140 ಕೋಟಿ ಡಾಲರು ಎಂದು ಲೆಕ್ಕ ಹಾಕಿತು. 2018ರ ಫೆಬ್ರುವರಿಯಲ್ಲಿ ಅಮೆರಿಕವೂ ಬ್ರಿಟನ್ನೂ ಇದು ರಷ್ಯದ ಸೇನೆಯ ಕೃತ್ಯವೆಂದು ಸಾರಿದವು, ರಷ್ಯ ಅಲ್ಲಗಳೆಯಿತು.

ಮರ್ಕ್ ತನ್ನ ಆಸ್ತಿಗೆ ಸಕಲ ಅಪಾಯಗಳ ವಿಮೆ ಮಾಡಿಸಿತ್ತು. ಆದರೆ ಇಂತಹ ಕರಾರುಗಳಲ್ಲೆಲ್ಲ ಯುದ್ಧದಿಂದಲೂ ಯುದ್ಧಸದೃಶ ಕ್ರಿಯೆಯಿಂದಲೂ ಆದ ನಷ್ಟಕ್ಕೆ ಹಣ ಕೊಡಲಾಗದೆಂಬ ಹಳೆಯ ವಾಕ್ಯವೊಂದಿರುವುದು ವಾಡಿಕೆ. ವಿಮಾ ಕಂಪನಿಗಳು ಅದನ್ನೇ ಹಿಡಿದವು. ದಾಳಿ ಮಾಡಿದುದು ಒಂದು ಸರ್ಕಾರವಾದುದರಿಂದ ಅದು ಯುದ್ಧಸದೃಶವೇ ಎಂಬುದು ಅವರ ವಾದ. ನ್ಯೂ ಜೆರ್ಸಿಯ ನ್ಯಾಯಾಲಯವು 2021ರ ಡಿಸೆಂಬರಿನಲ್ಲಿ ಮರ್ಕ್‌ನ ಪರವಾಗಿ ತೀರ್ಪಿತ್ತಿತು: ವಾಕ್ಯವನ್ನು ಬರೆದಾಗ ಉದ್ದೇಶಿಸಿದ್ದುದು ಸೇನೆಗಳ ಹೋರಾಟವನ್ನು, ಸೈಬರ್ ದಾಳಿಗಳು ಹೆಚ್ಚಿದ ಮೇಲೂ ವಿಮಾದಾರರು ಅದನ್ನು ತಿದ್ದಲಿಲ್ಲ. 2023ರ ಮೇ ತಿಂಗಳಲ್ಲಿ ಮೇಲ್ಮನವಿಯ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ರಾಜ್ಯದ ಸರ್ವೋಚ್ಚ ನ್ಯಾಯಾಲಯದಲ್ಲಿ ವಾದ ನಡೆಯುವ ಮುನ್ನವೇ, 2024ರ ಜನವರಿಯಲ್ಲಿ, ಉಭಯ ಪಕ್ಷಗಳೂ ರಾಜಿಯಾದವು.

ವಿಮಾ ಕರಾರಿನ ಭಾಷೆಯು ಅಂತರರಾಷ್ಟ್ರೀಯ ನ್ಯಾಯದ ಭಾಷೆಯಲ್ಲವೆಂಬುದನ್ನು ನಾವು ಬಲ್ಲೆವು. ಆದರೂ ಈ ವ್ಯಾಜ್ಯದಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಸರ್ಕಾರದ ಕೈಗೆ ಪ್ರತಿದಾಳಿಯ ಸಮರ್ಥನೆಯನ್ನು ಕೊಡುವ ಹೆಸರೇ ನೊಂದ ವರ್ತಕನ ಕೈಯಿಂದ ಪರಿಹಾರವನ್ನು ಕಸಿದುಕೊಳ್ಳಬಲ್ಲದು. ಆದುದರಿಂದ ಪ್ರಾಣಹಾನಿಯಾದಾಗ ಅಥವಾ ಅಣೆಕಟ್ಟು, ವಿದ್ಯುದಾಗಾರಗಳಂತಹವು ಬಾಂಬು ಬಿದ್ದಂತೆ ಹಾಳಾದಾಗ ಮಾತ್ರ ಆ ಹೆಸರನ್ನು ಬಳಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಉಳಿದವುಗಳಿಗೆ ರಾಷ್ಟ್ರದ ಹೊಣೆಗಾರಿಕೆಯ ನಿಯಮಗಳಿವೆ, ಆರ್ಥಿಕ ನಿರ್ಬಂಧಗಳಿವೆ, ದಂಡಸಂಹಿತೆಯಿದೆ. 2020ರ ಅಕ್ಟೋಬರಿನಲ್ಲಿ ಅಮೆರಿಕವು ಆರು ಮಂದಿ ರಷ್ಯನ್ ಸೇನಾಧಿಕಾರಿಗಳ ಮೇಲೆ ಹೊರಿಸಿದ ಆರೋಪಗಳಲ್ಲಿ ನಾಟ್‌ಪೆಟ್ಯವೂ ಒಂದು. ಆರೋಪಿಗಳು ಕೈಗೆ ಸಿಕ್ಕಲಾರರೆಂಬ ಆಕ್ಷೇಪವು ನಿಜವೇ. ಯುದ್ಧವೆಂದು ಕರೆದ ಮಾತ್ರಕ್ಕೆ ಅವರು ಸಿಕ್ಕುವರೆ?

ವಿಮಾದಾರರಂತೂ ಪಾಠ ಕಲಿತರು. ಒಂದು ರಾಷ್ಟ್ರದ ಕಾರ್ಯಶಕ್ತಿಯನ್ನೇ ಗಣನೀಯವಾಗಿ ಕುಂದಿಸುವ, ಅನ್ಯ ಸರ್ಕಾರದ ಬೆಂಬಲವುಳ್ಳ ಸೈಬರ್ ದಾಳಿಯ ನಷ್ಟವನ್ನು ಸೈಬರ್ ವಿಮೆಯಿಂದ ಹೊರಗಿಡಬೇಕೆಂದು ಲಂಡನ್ನಿನ ಲಾಯ್ಡ್ಸ್ 2022ರ ಆಗಸ್ಟಿನಲ್ಲಿ ವಿಧಿಸಿತು. ನಿಯಮವು 2023ರ ಮಾರ್ಚ್ 31ರಿಂದ ಜಾರಿಗೆ ಬಂದಿತು. ದಾಳಿ ಯಾರದೆಂದು ನಿರ್ಧರಿಸುವುದು ಹೇಗೆ? ಲಂಡನ್ನಿನ ವಿಮಾ ವಲಯದಲ್ಲಿ 2021ರಲ್ಲಿ ಸಿದ್ಧವಾದ ಮಾದರಿ ವಾಕ್ಯಗಳ ಪ್ರಕಾರ, ಕೆಟ್ಟ ಯಂತ್ರವಿರುವ ದೇಶದ ಸರ್ಕಾರವು ಯಾರನ್ನು ಹೊಣೆ ಮಾಡುತ್ತದೆಂಬುದೇ ಪ್ರಧಾನ ಆಧಾರ. ರಾಜಕಾರಣಕ್ಕಾಗಿ ಹೊರಡಿಸಿದ ಒಂದು ಹೇಳಿಕೆಯು, ಅದರಲ್ಲಿ ಯಾವ ಪಾತ್ರವೂ ಇಲ್ಲದ ಕಾರ್ಖಾನೆಯೊಂದರ ಪರಿಹಾರವನ್ನು ತಡೆಯುವಂತಾಗಿದೆ.