ಗೊಂಬೆಗಳ ಮುಂದೆ ಸೀರೆ ಟೆಂಟ್

ದಸರಾ ರಜೆ. ಹಜಾರದಲ್ಲಿ ಗೊಂಬೆ ಕೂರಿಸಿ ಆಗಿದೆ. ಈ 9 ದಿನದಲ್ಲಿ ಒಂದು ರಾತ್ರಿ ಮಗಳ ಗೆಳತಿಯರನ್ನ ಉಳಿಯೋಕೆ ಕರೀರಿ.

ಕಿಟಕಿ ಸರಳಿಂದ ಸರಳಿಗೆ ಹಗ್ಗ ಕಟ್ಟಿ, ಅಜ್ಜಿಯ ಹಳೇ ನೂಲಿನ ಸೀರೆ ಇಳಿಬಿಡಿ. ಟೆಂಟ್ ಸಿದ್ಧ! ಒಳಗೆ ಮೇಣದಬತ್ತಿ ಬೇಡವೇ ಬೇಡ, ಟಾರ್ಚ್ ಸಾಕು.

ಪಟ್ಟದ ಗೊಂಬೆ ಮೆಟ್ಟಿಲ ಮೇಲೇ ಇರಲಿ. ಮದುವೆಯಲ್ಲಿ ಮಗಳ ಜೊತೆ ಕಳಿಸೋ ರಾಜ-ರಾಣಿ ಅವರು. ಆ ಕಥೆ ಅಜ್ಜಿ ಬಾಯಲ್ಲೇ ಚೆನ್ನ. ಮಕ್ಕಳ ಕೈಗೆ ಚನ್ನಪಟ್ಟಣದ್ದು ಕೊಡಿ. ಹಾಲೆ ಮರವನ್ನ ಕಡೆದು, ತಿರುಗ್ತಿರುವಾಗಲೇ ಅರಗಿನ ಬಣ್ಣ ಒತ್ತಿದ ಗೊಂಬೆ ಅದು.

ರವಿಕೆ ಕಣದ ತುಂಡು, ಜರಿ ಅಂಚು ಕೊಟ್ಟು ನೋಡಿ, ಗೊಂಬೆಗೆ ತಾವೇ ಸೀರೆ ಉಡಿಸ್ತಾರೆ!

ಮಲಗೋ ಮುಂಚೆ ಗೊಂಬೆ ಬಾಗಿನ: ಪುಟ್ಟ ಡಬ್ಬಿಯಲ್ಲಿ ಕೊಬ್ಬರಿ ಮಿಠಾಯಿ, ಚಕ್ಕುಲಿ.

ಬೆಳಿಗ್ಗೆ ಎಲ್ಲರನ್ನೂ ಮೈಸೂರಿನ ನಜರ್‌ಬಾದಿನಲ್ಲಿರೋ ರಾಮ್‌ಸನ್ಸ್ ಬೊಂಬೆ ಮನೆ ಪ್ರದರ್ಶನಕ್ಕೆ ಕರ್ಕೊಂಡು ಹೋಗಿ.