ಹೃದಯದ ಸ್ನಾಯುವಿನ ಬಲ ತಿಳಿಸುವ 'ಸ್ಟ್ರೇನ್' ಪರೀಕ್ಷೆ

ಮೈಸೂರಿನ ಅಶೋಕಪುರಂನವರಾಗಲಿ, ನಂಜನಗೂಡು ಕಡೆಯಿಂದ ರೈಲಿನಲ್ಲಿ ಬರುವವರಾಗಲಿ, ಹೃದಯದ ತೊಂದರೆ ಎಂದರೆ ಅನೇಕರು ಹೋಗುವುದು ಕೆ.ಆರ್.ಎಸ್. ರಸ್ತೆಯ ಜಯದೇವ ಆಸ್ಪತ್ರೆಗೆ. 'ಎಕೋ' ಪರೀಕ್ಷೆ ನಮ್ಮ ಸದಸ್ಯ ಬಾಂಧವರಿಗೆ ಹೊಸದಲ್ಲ. ಈಚಿನ ವರ್ಷಗಳಲ್ಲಿ ಕೆಲವು ಎಕೋ ವರದಿಗಳಲ್ಲಿ 'ಇ.ಎಫ್.' ಜೊತೆಗೆ 'ಜಿ.ಎಲ್.ಎಸ್.' ಎಂಬ ಅಂಕಿಯೂ ಇರುತ್ತದೆ. ಅದರ ಅರ್ಥ ತಿಳಿದಿರುವುದು ಒಳ್ಳೆಯದು.

ಹೃದಯದ ಎಡ ಕೆಳಕೋಣೆ ಒಂದು ಬಡಿತಕ್ಕೆ ತನ್ನಲ್ಲಿರುವ ರಕ್ತದಲ್ಲಿ ಶೇ. ಎಷ್ಟನ್ನು ಹೊರದೂಡುತ್ತದೆ ಎಂಬುದೇ ಇ.ಎಫ್. ಡೈರಿಯಲ್ಲಿ ಹಾಲಿನ ಅಳತೆ ಸರಿಯಿದ್ದರೂ ಜಿಡ್ಡಿನ ಅಂಶ ಇಳಿದಿರಬಹುದು. ಪರೀಕ್ಷೆ ಮಾಡಿದಾಗಲೇ ಅದು ತಿಳಿಯುತ್ತದೆ. ಹಾಗೆಯೇ ಇ.ಎಫ್. ಸರಿಯಿದ್ದಾಗಲೂ ಹೃದಯದ ಸ್ನಾಯು ಸೋಲತೊಡಗಿರಬಹುದು. ಸ್ಟ್ರೇನ್ ಪರೀಕ್ಷೆ ಇದನ್ನು ಮುಂಚಿತವಾಗಿ ತೋರಿಸಬಲ್ಲದು.

ಪರೀಕ್ಷೆ ಹೇಗೆ?

ಅಲ್ಟ್ರಾಸೌಂಡ್ ಚಿತ್ರದಲ್ಲಿ ಹೃದಯದ ಸ್ನಾಯು ಬೂದುಬಣ್ಣದ ಸಣ್ಣ ಸಣ್ಣ ಚುಕ್ಕೆಗಳಾಗಿ ಕಾಣುತ್ತದೆ. ಕಂಪ್ಯೂಟರ್ ಈ ಚುಕ್ಕೆಗಳನ್ನು ಹಿಂಬಾಲಿಸಿ, ಪ್ರತಿ ಬಡಿತದಲ್ಲಿ ಸ್ನಾಯುವಿನ ಉದ್ದ ಶೇ. ಎಷ್ಟು ಕುಗ್ಗಿತೆಂದು ಲೆಕ್ಕ ಹಾಕುತ್ತದೆ. ಇಡೀ ಎಡಕೋಣೆಯ ಲೆಕ್ಕವೇ ಜಿ.ಎಲ್.ಎಸ್. ಉದ್ದ ಕಡಿಮೆಯಾಗುವುದರಿಂದ ಅಂಕಿಗೆ ಋಣ ಚಿಹ್ನೆ ಇರುತ್ತದೆ. ಆರೋಗ್ಯವಂತರಲ್ಲಿ ಇದು ಸುಮಾರು -20. -12 ಎಂದಿದ್ದರೆ ಸ್ನಾಯುವಿನ ಬಲ ತಗ್ಗಿದೆ ಎಂದರ್ಥ. ಇದಕ್ಕೆ ಸೂಜಿಯಾಗಲಿ ಎಕ್ಸ್‌ರೇ ಆಗಲಿ ಬೇಕಿಲ್ಲ.

ಯಾರಿಗೆ ಉಪಯೋಗ?

ಸ್ತನ ಕ್ಯಾನ್ಸರಿಗೆ ಕೊಡುವ ಡಾಕ್ಸೊರುಬಿಸಿನ್, ಟ್ರಾಸ್ಟುಜುಮ್ಯಾಬ್ ಮುಂತಾದ ಔಷಧಗಳಿಂದ ಕೆಲವರ ಹೃದಯಕ್ಕೆ ಹಾನಿಯಾಗುತ್ತದೆ. ಚಿಕಿತ್ಸೆಗೆ ಮೊದಲಿದ್ದ ಅಂಕಿ ಶೇ. 15ಕ್ಕಿಂತ ಹೆಚ್ಚು ಇಳಿದರೆ, ಅಂದರೆ 20 ಇದ್ದದ್ದು 17ಕ್ಕಿಂತ ಕೆಳಗೆ ಬಂದರೆ, ಅದನ್ನು ಎಚ್ಚರಿಕೆಯೆಂದು ಪರಿಗಣಿಸಬೇಕೆಂದು ಯುರೋಪಿನ ಹೃದ್ರೋಗ ತಜ್ಞರ ಸಂಘದ 2022ರ ಮಾರ್ಗಸೂಚಿ ಹೇಳುತ್ತದೆ. ಆಗಲೇ ಹೃದಯ ಕಾಪಾಡುವ ಮಾತ್ರೆ ಆರಂಭಿಸಿದರೆ, ಅನೇಕರಲ್ಲಿ ಕ್ಯಾನ್ಸರ್ ಚಿಕಿತ್ಸೆಯನ್ನು ನಿಲ್ಲಿಸದೆ ಮುಂದುವರಿಸಬಹುದು.

ಗಮನಿಸಬೇಕಾದ ಅಂಶಗಳು

1. ಕ್ಯಾನ್ಸರ್ ಚಿಕಿತ್ಸೆ ಆರಂಭವಾಗುವ ಮೊದಲೇ ಎಕೋ ಬೇಕೇ ಎಂದು ವೈದ್ಯರನ್ನು ಕೇಳಿ. ಮೊದಲ ಅಂಕಿ ಇಲ್ಲದಿದ್ದರೆ ಇಳಿಕೆ ತಿಳಿಯುವುದು ಕಷ್ಟ.

2. ಯಂತ್ರದಿಂದ ಯಂತ್ರಕ್ಕೆ ಅಂಕಿ ಸ್ವಲ್ಪ ಬೇರೆಯಾಗುತ್ತದೆ. ಸಾಧ್ಯವಾದಷ್ಟೂ ಒಂದೇ ಕಡೆ ಪರೀಕ್ಷೆ ಮಾಡಿಸಿ. ಹಳೆಯ ವರದಿಗಳನ್ನು ಜೋಪಾನವಾಗಿಡಿ.

3. ರಕ್ತದೊತ್ತಡ ಹೆಚ್ಚಿದ್ದಾಗ, ಬಡಿತ ಏರುಪೇರಾದಾಗ, ಚಿತ್ರ ಸ್ಪಷ್ಟವಾಗಿ ಬರದಿದ್ದಾಗ ಅಂಕಿ ತಪ್ಪು ದಾರಿಗೆಳೆಯಬಹುದು. ಅಂಕಿಯೊಂದನ್ನೇ ನೋಡಿ ಯಾವ ಔಷಧವನ್ನೂ ಸ್ವಂತ ತೀರ್ಮಾನದಿಂದ ನಿಲ್ಲಿಸಬಾರದು.

ಚಿಕಿತ್ಸೆ ಪಡೆದ ಹೆಣ್ಣುಮಕ್ಕಳಿಗೆ ಹಾಲು ಕರೆಯುವಾಗ, ಹುಲ್ಲಿನ ಹೊರೆ ಹೊರುವಾಗ ಏದುಸಿರು ಬಂದರೆ, ಕಾಲು ಊದಿಕೊಂಡರೆ, ಬರೀ ಆಯಾಸವೆಂದು ಸುಮ್ಮನಿರಬೇಡಿ. ಹಳೆಯ ವರದಿಗಳೊಂದಿಗೆ ಕೂಡಲೇ ವೈದ್ಯರನ್ನು ಕಾಣಿರಿ.