ಗಾಜಿನ ತೊಟ್ಟಿಯಲ್ಲಿ ಪಾಚಿ ತಿನ್ನುವ ಮೀನುಗಳ ಪೋಷಣೆ

ಮೀನು ಸಾಕುವುದೆಂದರೆ ಕೆರೆಗೆ ಮರಿ ಬಿಟ್ಟು, ನೀರು ತಗ್ಗಿದ ಕಾಲದಲ್ಲಿ ಬಲೆ ಹಾಕಿಸುವುದೆಂದೇ ನಮ್ಮ ವಾಚಕರಲ್ಲಿ ಬಹುಮಂದಿಯ ಅಭಿಪ್ರಾಯವಾಗಿರಬಹುದು. ಆದರೆ ರಾಮನಗರ ತಾಲ್ಲೂಕಿನ ಕೂಟಗಲ್ ಹೋಬಳಿಯಂತಹ ಸೀಮೆಯು ಬೆಂಗಳೂರಿಗೆ ಅಷ್ಟೇನೂ ದೂರವಲ್ಲ. ರೇಷ್ಮೆಗೂಡು, ಮಾವಿನ ಹಣ್ಣುಗಳ ವ್ಯಾಪಾರಕ್ಕಾಗಿಯೋ ಮಕ್ಕಳ ವಿದ್ಯಾಭ್ಯಾಸಕ್ಕಾಗಿಯೋ ಪಟ್ಟಣಕ್ಕೆ ಹೋಗಿಬರುವ ಗೃಹಸ್ಥರು ಅಲ್ಲಿನ ಅಂಗಡಿಗಳಿಂದ ಬಣ್ಣದ ಮೀನುಗಳನ್ನು ತಂದು, ನಡುಮನೆಯಲ್ಲಿ ಗಾಜಿನ ತೊಟ್ಟಿಯಿಟ್ಟು ಸಾಕುವುದುಂಟು. ಇಂತಹ ತೊಟ್ಟಿಯಲ್ಲಿ ನಾನಾ ಜಾತಿಯ ಮೀನುಗಳು ಕೂಡಿ ಬಾಳುವುವು. ಅವುಗಳ ಜೊತೆಗೆ, ಗಾಜಿಗೆ ಬಾಯಿ ಅಂಟಿಸಿಕೊಂಡು ಪಾಚಿಯನ್ನು ಕೆರೆದು ತಿನ್ನುವ ಒಂದು ಮೀನನ್ನೂ ಅಂಗಡಿಯವನು ಕೊಟ್ಟು, ಇದು ತೊಟ್ಟಿಯನ್ನು ಚೊಕ್ಕಟವಾಗಿಡುವುದು, ಇದಕ್ಕೆ ಬೇರೆ ಮೇವು ಬೇಕಿಲ್ಲವೆಂದು ಹೇಳಿ ಕಳುಹಿಸುವನು. ಈ ಮಾತಿನ ಪೂರ್ವಾರ್ಧವು ಸ್ವಲ್ಪಮಟ್ಟಿಗೆ ನಿಜ. ಉತ್ತರಾರ್ಧವು ಆ ಮೀನಿಗೆ ಮರಣಶಾಸನವೇ ಸರಿ.

ಈ ತಪ್ಪು ತಿಳಿವಳಿಕೆಯಿಂದ ಎರಡು ಬಗೆಯ ಅನರ್ಥಗಳು ಉಂಟಾಗುವುವು. ಸಣ್ಣ ಜಾತಿಯ ಮೀನುಗಳು ಯಾರಿಗೂ ತಿಳಿಯದಂತೆ ಹಸಿವಿನಿಂದ ಸಾಯುವುವು. ದೊಡ್ಡ ಜಾತಿಯವು ಹೇಗೋ ಬದುಕಿ, ತೊಟ್ಟಿಯಲ್ಲಿ ಹಿಡಿಸಲಾರದಷ್ಟು ಬೆಳೆದು, ಕೊನೆಗೆ ಊರ ಕೆರೆಯನ್ನು ಸೇರುವುವು. ಮೊದಲನೆಯದು ಮನೆಯೊಂದರ ನಷ್ಟ. ಎರಡನೆಯದು ಊರಿಗೆಲ್ಲ ಸಂಬಂಧಪಟ್ಟುದಾದುದರಿಂದ ಗ್ರಾಮದ ಮುಖಂಡರೂ ಜಮೀನುದಾರರೂ ಈ ವಿಷಯವನ್ನು ಮಕ್ಕಳ ಆಟವೆಂದು ತಳ್ಳಿಬಿಡಬಾರದೆಂದು ನಮ್ಮ ವಿಜ್ಞಾಪನೆ.

ಅಂಗಡಿಯಲ್ಲಿ ಬರಿದೆ 'ಸಕ್ಕರ್' ಎಂಬ ಒಂದೇ ಹೆಸರಿನಿಂದ ಮಾರುವ ಮೀನುಗಳಲ್ಲಿ ಭೇದಗಳುಂಟು. ಮೈಮೇಲೆ ಮೂಳೆಯ ಚಿಪ್ಪುಗಳ ಕವಚವೂ ಎತ್ತರವಾದ ಬೆನ್ನಿನ ರೆಕ್ಕೆಯೂ ಕಂದುಬಣ್ಣದ ಚುಕ್ಕೆಗಳೂ ಉಳ್ಳದ್ದು ಸಾಮಾನ್ಯ ಸಕ್ಕರ್. ಇದು ದಕ್ಷಿಣ ಅಮೇರಿಕಾ ಖಂಡದ್ದು. ಕೊಳ್ಳುವಾಗ ಬೆರಳಿನಷ್ಟಿದ್ದು, ಒಂದೂವರೆ ಅಡಿಯವರೆಗೆ ಬೆಳೆಯಬಲ್ಲದು. ಮೂರಡಿ ಉದ್ದದ ತೊಟ್ಟಿಯಲ್ಲಿ ಹಿಡಿಯುವ ನೀರು ಸುಮಾರು 100 ಲೀಟರ್. ಬೆಳೆದ ಸಕ್ಕರ್ ಮೀನಿಗೆ ಅದರ ಐದರಷ್ಟಾದರೂ ಬೇಕು. ಆದುದರಿಂದ ಮನೆಯ ತೊಟ್ಟಿಗೆ ಇದನ್ನು ಕೊಳ್ಳದಿರುವುದೇ ಉತ್ತಮ. ಅದೇ ಖಂಡದ ಬ್ರಿಸಲ್‌ನೋಸ್ ಎಂಬ ಜಾತಿಯು ನಾಲ್ಕೈದು ಅಂಗುಲಕ್ಕೆ ನಿಲ್ಲುವುದು. ಪ್ರಾಯಕ್ಕೆ ಬಂದ ಗಂಡಿನ ಮೂತಿಯ ಮೇಲೆ ಕವಲೊಡೆದ ಮೀಸೆಗಳು ಏಳುವುದರಿಂದ ಗುರುತು ಹಿಡಿಯುವುದು ಸುಲಭ. ಮನೆಗೆ ಇದು ಯೋಗ್ಯವಾದುದು. ಓಟೋ ಎಂದು ಕರೆಯುವ ಮೂರನೆಯ ಜಾತಿಯು ಒಂದೂವರೆ ಅಂಗುಲದ್ದು. ಅತ್ಯಂತ ಸಾಧು, ಅತ್ಯಂತ ಪುಕ್ಕಲು. ಇದನ್ನು ಒಂಟಿಯಾಗಿ ತರದೆ ಆರೇಳನ್ನು ಒಟ್ಟಿಗೆ ತರತಕ್ಕದ್ದು.

ಪಾಚಿ ಕೆರೆಯುವ ಮೀನು ಬೇಕೆಂದರೆ ಅಮೇರಿಕಾ ಖಂಡಕ್ಕೇ ಹೋಗಬೇಕಾಗಿಲ್ಲವೆಂಬುದನ್ನೂ ಇಲ್ಲಿ ಹೇಳಬಹುದು. ಕಾವೇರಿಯ ಹೊಳೆಹಳ್ಳಗಳಲ್ಲಿ, ನೀರು ಬಂಡೆಗಳ ನಡುವೆ ರಭಸದಿಂದ ಹರಿಯುವ ಕಡೆ, ಗದ್ದದ ಕೆಳಗಿನ ಬಿಲ್ಲೆಯಂತಹ ಅಂಗದಿಂದ ಕಲ್ಲಿಗೆ ಅಂಟಿಕೊಂಡು ಪಾಚಿ ಮೇಯುವ ಮೀನುಂಟು. ಶಾಸ್ತ್ರಜ್ಞರು ಇದನ್ನು ಗಾರಾ ಮುಲ್ಯ ಎನ್ನುವರು. ಸೈಕ್ಸ್ ಎಂಬಾತನು 1839ರಲ್ಲಿ ದಖ್ಖನಿನ ಮೀನುಗಳನ್ನು ವರ್ಣಿಸುವಾಗ ಇದಕ್ಕೆ ಹೆಸರಿಟ್ಟನು. ನೆರಳು ಕಂಡರೆ ಸಾಕು, ಕಲ್ಲಿನ ಅಡಿಗೆ ನುಸುಳುವುದು. ಹರಿಯುವ ತಂಪು ನೀರಿನ ಪ್ರಾಣಿಯಾದುದರಿಂದ, ಗಾಳಿಯಾಡದ ನಿಂತ ನೀರಿನಲ್ಲಿ ಬಹುಕಾಲ ಬಾಳದು. ನೀರನ್ನು ಬಲವಾಗಿ ಚಿಮ್ಮಿಸುವ ಯಂತ್ರವಿಲ್ಲದವರು ಇದನ್ನು ಹಳ್ಳದಲ್ಲಿಯೇ ಬಿಟ್ಟು ನೋಡಿ ಸಂತೋಷಪಡುವುದು ಮೇಲು.

ಇನ್ನು ಮೇವಿನ ವಿಷಯ. ಮನೆಯ ತೊಟ್ಟಿಯೊಂದರ ಗಾಜಿನ ಮೇಲೆ ಬೆಳೆಯುವ ಪಾಚಿಯು ಇಂತಹ ಮೀನಿಗೆ ಕೆಲವು ದಿನಗಳ ತಿಂಡಿಯೇ ಹೊರತು ವರ್ಷದ ಊಟವಲ್ಲ. ಅದರಲ್ಲಿಯೂ ಎಲ್ಲ ಪಾಚಿಯೂ ಇವುಗಳಿಗೆ ರುಚಿಸದು. ಎಳೆಯ ಹಸುರು ಮತ್ತು ಕಂದು ಪಾಚಿಯನ್ನು ತಿನ್ನುವುವೇ ಹೊರತು ಕಪ್ಪು ಕೂದಲಿನಂತೆ ಬೆಳೆಯುವುದನ್ನೂ ನೀಲಿಹಸುರು ಲೋಳೆಯನ್ನೂ ಸಾಮಾನ್ಯವಾಗಿ ಮುಟ್ಟವು. ಮಿಕ್ಕ ಮೀನುಗಳಿಗಾಗಿ ಮೇಲೆ ಉದುರಿಸಿದ ಮೇವು ತಳಕ್ಕೆ ಬರುವುದರೊಳಗೆ ಚುರುಕಾದ ಮೀನುಗಳ ಪಾಲಾಗುವುದು. ನಾಚಿಕೆಯ ಮೀನಾದರೋ ಹಗಲೆಲ್ಲ ಮರೆಯಲ್ಲಿದ್ದು, ದೀಪ ಆರಿದ ಮೇಲೆ ಹೊರಬಂದು ನೋಡಿದರೆ ಬರಿಯ ಮರಳು. ಹೀಗೆ ಒಂದೆರಡು ತಿಂಗಳು ಕಳೆದರೆ ಒಂದು ಬೆಳಗ್ಗೆ ಅದು ಸತ್ತಿರುವುದನ್ನು ಕಂಡು, ನೀರು ಒಗ್ಗಲಿಲ್ಲವೆಂದು ಮನೆಯವರು ಹೇಳಿಕೊಳ್ಳುವರು. ಈ ಲೇಖಕನೂ ಮೊದಮೊದಲು ಹಾಗೆಯೇ ಹೇಳಿಕೊಂಡವನು. ನಾಲ್ಕು ಓಟೋ ಮೀನುಗಳನ್ನು ಕಳೆದುಕೊಂಡ ಮೇಲೆ ತಪ್ಪು ತನ್ನದೆಂದು ತಿಳಿಯಿತು.

ರೇಷ್ಮೆಹುಳು ಸಾಕುವ ಊರಿನವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಹುಳುವಿಗೆ ರಾತ್ರಿಯ ಸೊಪ್ಪು ತಪ್ಪಿದರೆ ಗೂಡು ಏನಾಗುವುದೆಂದು ಅವರು ಬಲ್ಲರು. ಈ ಮೀನಿಗೂ ರಾತ್ರಿಯ ಮೇವೇ ಮುಖ್ಯವಾದುದು. ಮೊದಲು ತೊಟ್ಟಿಯ ಒಂದು ಕೊನೆಯಲ್ಲಿ ಮಿಕ್ಕ ಮೀನುಗಳಿಗೆ ಹೊಟ್ಟೆತುಂಬ ಹಾಕಿ, ದೀಪವಾರಿಸಿ, ಅರ್ಧ ಗಂಟೆ ತಡೆದು, ಮತ್ತೊಂದು ಕೊನೆಯಲ್ಲಿ ಮರೆಯ ಸಮೀಪದಲ್ಲಿ ಇದರ ಮೇವನ್ನು ಇಡತಕ್ಕದ್ದು. ಅಂಗಡಿಯಲ್ಲಿ ದೊರೆಯುವ ಪಾಚಿಯ ಬಿಲ್ಲೆಗಳು ತಳಕ್ಕೆ ಮುಳುಗುವುದರಿಂದ ಅನುಕೂಲ. ನಾಲ್ಕಂಗುಲದ ಒಂದು ಮೀನಿಗೆ ರಾತ್ರಿಗೆ ಒಂದು ಸಾಕು. ಇದರೊಡನೆ ವಾರಕ್ಕೆ ಎರಡು ಮೂರು ಸಲ ಕಾಯಿಪಲ್ಯ. ಸೌತೆ, ಹೀರೆ, ಸೋರೆ ಇವುಗಳಲ್ಲಿ ಯಾವುದಾದರೂ ಒಂದರ ಅರ್ಧ ಅಂಗುಲ ದಪ್ಪದ ಬಿಲ್ಲೆಯನ್ನು ಕುದಿಯುವ ನೀರಿನಲ್ಲಿ ಎರಡು ನಿಮಿಷ ಅದ್ದಿ, ಆರಿಸಿ, ಕಲ್ಲಿಗೆ ದಾರದಿಂದ ಕಟ್ಟಿ ಮುಳುಗಿಸುವುದು. ಉಪ್ಪು, ಎಣ್ಣೆ, ಒಗ್ಗರಣೆ ಸೋಕಿದ್ದನ್ನು ಕೊಡಲೇಬಾರದು. ಬೆಳಗಾದ ಮೇಲೆ ಉಳಿದುದನ್ನು ತೆಗೆದುಬಿಡಬೇಕು. ಒಂದು ದಿನಕ್ಕೆ ಮೀರಿ ಬಿಟ್ಟರೆ ಕೊಳೆತು ನೀರು ಕೆಡುವುದು. ಹೊಸ ಮೇವನ್ನು ಮೊದಲೆರಡು ರಾತ್ರಿ ಮುಟ್ಟದಿದ್ದರೆ ಧೈರ್ಯಗೆಡಬಾರದು. ಪುಕ್ಕಲು ಪ್ರಾಣಿಯು ಹೊಸದನ್ನು ನಂಬಲು ಕಾಲ ಬೇಕು.

ನಮ್ಮ ಸೀಮೆಯಲ್ಲಿ ಕಾಸಿಲ್ಲದೆ ದೊರೆಯುವ ಒಳ್ಳೆಯ ಮೇವು ಹಿಪ್ಪುನೇರಳೆಯ ಎಲೆ. ಎಳೆಯದೂ ಅಲ್ಲದ ಬಲಿತುದೂ ಅಲ್ಲದ ಎಲೆಯನ್ನು ತೊಳೆದು, ಮೇಲಿನಂತೆ ಬಿಸಿನೀರಿನಲ್ಲಿ ಅದ್ದಿ ಕೊಟ್ಟರೆ, ಮೀನುಗಳು ನರಗಳನ್ನು ಬಿಟ್ಟು ಮಿಕ್ಕುದನ್ನು ಮೇಯುವುವು. ಔಷಧಿ ಸಿಂಪಡಿಸಿದ ತೋಟದ ಎಲೆ ಮಾತ್ರ ಕೂಡದು. ಹುಳುವಿಗೆ ಯಾವ ಸೊಪ್ಪನ್ನು ಕೊಡಲು ಹಿಂಜರಿಯುವಿರೋ ಅದನ್ನು ಮೀನಿಗೂ ಕೊಡಬೇಡಿರಿ. ಕೀಟನಾಶಕಗಳಲ್ಲಿ ಕೆಲವು, ಮುಖ್ಯವಾಗಿ ಪೈರೆಥ್ರಾಯ್ಡ್ ವರ್ಗದವು, ಅತ್ಯಲ್ಪ ಪ್ರಮಾಣದಲ್ಲಿಯೇ ಮೀನುಗಳನ್ನು ಕೊಲ್ಲುವುವು.

ಇದೇ ಸಂದರ್ಭದಲ್ಲಿ ಮತ್ತೊಂದು ಎಚ್ಚರಿಕೆ. ಹುಳು ಸಾಕುವ ಮನೆಯನ್ನು ಬ್ಲೀಚಿಂಗ್ ಪೌಡರಿನಿಂದಲೂ ಸುಣ್ಣದಿಂದಲೂ ಶುದ್ಧಿಮಾಡುವುದು ಅವಶ್ಯವಾದ ಪದ್ಧತಿ. ಆ ಕೆಲಸಕ್ಕೆ ಬಳಸಿದ ಬಕೆಟ್ಟು, ಚೊಂಬು, ಕೈ ಯಾವುದೂ ತೊಟ್ಟಿಯ ನೀರನ್ನು ಮುಟ್ಟಬಾರದು. ಕ್ಲೋರಿನ್ ಬೆರೆತ ಕುಡಿಯುವ ನೀರನ್ನು ಸಹ ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಉಪಯೋಗಿಸುವುದು ಕ್ಷೇಮ. ಆಳವಾದ ಕೊಳವೆ ಬಾವಿಯ ನೀರನ್ನು ಆಗಲೇ ಎತ್ತಿದಂತೆ ಹೊಯ್ಯದೆ, ಗಾಳಿಯಾಡಿಸಿ ತೊಟ್ಟಿಯ ನೀರಿನ ಶಾಖಕ್ಕೆ ಬಂದ ಮೇಲೆ ಹಾಕತಕ್ಕದ್ದು.

ಮೀನು ತಿನ್ನುತ್ತಿದೆಯೋ ಇಲ್ಲವೋ ಎಂಬುದನ್ನು ತಿಳಿಯಲು ಮೇವಿನ ಲೆಕ್ಕಕ್ಕಿಂತ ಹೊಟ್ಟೆಯ ಆಕಾರವೇ ನಂಬತಕ್ಕ ಸಾಕ್ಷಿ. ಮೀನು ಗಾಜಿಗೆ ಅಂಟಿಕೊಂಡಾಗ ಹೊರಗಿನಿಂದ ಹೊಟ್ಟೆಯನ್ನು ನೋಡಬಹುದು. ದುಂಡಗಿದ್ದರೆ ಸರಿ. ಒಳಕ್ಕೆ ಸೊರಗಿದ್ದರೆ, ಕಣ್ಣುಗಳು ಗುಳಿಬಿದ್ದಿದ್ದರೆ, ಅದು ಉಪವಾಸವಿದೆಯೆಂದೇ ತಿಳಿಯತಕ್ಕದ್ದು. ಅಂಗಡಿಯಲ್ಲಿ ಕೊಳ್ಳುವಾಗಲೂ ಇದೇ ಪರೀಕ್ಷೆ. ಓಟೋ ಮೀನುಗಳು ದೂರದೇಶದಿಂದ ಬರುವ ದಾರಿಯಲ್ಲಿಯೇ ಬಹಳ ಹಸಿದಿರುವುದರಿಂದ, ಅವುಗಳಿಗಾಗಿ ಮುಂಚಿತವಾಗಿಯೇ ಹೊಳೆಯ ಉರುಟು ಕಲ್ಲುಗಳನ್ನು ನೀರು ತುಂಬಿದ ಬಾಣಲೆಯಲ್ಲಿಟ್ಟು, ಸೊಳ್ಳೆ ಮೊಟ್ಟೆಯಿಡದಂತೆ ತೆಳುಬಟ್ಟೆ ಕಟ್ಟಿ, ಎರಡು ಮೂರು ವಾರ ಬಿಸಿಲಿನಲ್ಲಿರಿಸಿದರೆ ಹಸುರು ಪಾಚಿ ಹಿಡಿಯುವುದು. ಪಾಚಿ ಹಿಡಿದ ಕಲ್ಲನ್ನು ತೊಟ್ಟಿಗೂ, ತಿಂದು ನುಣುಪಾದುದನ್ನು ಬಿಸಿಲಿಗೂ ಸರದಿಯ ಮೇಲೆ ಸಾಗಿಸುತ್ತಿರಬಹುದು. ಹೊಸತಾಗಿ ನೀರು ತುಂಬಿದ ತೊಟ್ಟಿಗೆ ಈ ಮೀನುಗಳನ್ನು ಬಿಡಲೇಬಾರದು. ನೀರು ಪಕ್ವವಾಗಿ, ಮೀನಿನ ಕಶ್ಮಲವನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳು ನೆಲೆಗೊಳ್ಳಲು ಐದಾರು ವಾರಗಳಾದರೂ ಹಿಡಿಯುವುದು. ಆಮೇಲೆ ವಾರಕ್ಕೊಮ್ಮೆ ನಾಲ್ಕನೆಯ ಒಂದು ಪಾಲು ನೀರನ್ನು ಬದಲಾಯಿಸಿದರೆ ಸಾಕು.

ನಾಚಿಕೆಯ ಮೀನಿಗೆ ಮರೆಯಿಲ್ಲದಿದ್ದರೆ ಮೇವೂ ಒಗ್ಗದು. ಒಡೆದ ಮಡಕೆಯ ಅರ್ಧ ಹೋಳು, ತೂತು ಕೊರೆದ ತೆಂಗಿನ ಚಿಪ್ಪು, ನಮ್ಮ ಬೆಟ್ಟಗಳ ಕಗ್ಗಲ್ಲಿನ ತುಂಡು ಇವೇ ಸಾಕು. ಬ್ರಿಸಲ್‌ನೋಸಿಗೆ ಕೆರೆಯಲು ಒಂದು ಮರದ ತುಂಡೂ ಬೇಕು. ಚೆನ್ನಾಗಿ ಒಣಗಿದ ಸೀಬೆಯ ಮರವನ್ನು ತೊಗಟೆ ಸುಲಿದು, ಮುಳುಗುವವರೆಗೆ ನೀರು ಬದಲಾಯಿಸುತ್ತ ನೆನೆಹಾಕಿ ಇಡಬಹುದು. ಹೊಂಗೆ, ಬೇವುಗಳನ್ನು ಇಡಬಾರದು. ಚನ್ನಪಟ್ಟಣದ ಬಣ್ಣದ ಬೊಂಬೆಯನ್ನು ಅಂದಕ್ಕಾಗಿ ನೀರಿನಲ್ಲಿ ಮುಳುಗಿಸುವ ಉತ್ಸಾಹವನ್ನು ಮಕ್ಕಳು ತೋರಿಸಬಹುದು. ಬೊಂಬೆಗೂ ಮೀನಿಗೂ ಅದು ಹಿತವಲ್ಲ. ಸಂಗಡಿಗರಾಗಿ ಗಪ್ಪಿ, ಟೆಟ್ರಾ, ರಾಸ್ಬೋರಾ ಮುಂತಾದ ಸಣ್ಣ ಸಾಧುಮೀನುಗಳೇ ಲೇಸು. ಗೋಲ್ಡ್ ಫಿಷ್ ಬೇಡ. ಹಸಿದ ಸಕ್ಕರ್ ಮೀನು ರಾತ್ರಿಯಲ್ಲಿ ಅದರ ಮೈಗೆ ಅಂಟಿ ಲೋಳೆಯನ್ನು ಹೀರಿ ಗಾಯಮಾಡುವುದುಂಟು. ಹಿಡಿಯಬೇಕಾದಾಗ ಬಲೆ ಹಾಕಿದರೆ ರೆಕ್ಕೆಯ ಮುಳ್ಳುಗಳು ಸಿಕ್ಕಿಕೊಳ್ಳುವುವು. ಪಾತ್ರೆಯಲ್ಲಿ ಮೊಗೆದು ತೆಗೆಯುವುದೇ ಸರಿ.

ಇಷ್ಟು ಮಾಡಿ ಸಾಕಿದರೂ ಸಾಮಾನ್ಯ ಸಕ್ಕರ್ ಮೀನನ್ನು ತಂದವರ ಮನೆಯಲ್ಲಿ ಒಂದೆರಡು ವರ್ಷಗಳೊಳಗೆ ತೊಟ್ಟಿ ಚಿಕ್ಕದಾಗುವುದು. ಕೊಲ್ಲಲು ಮನಸ್ಸೊಪ್ಪದು. ಆಗ ಮನೆಯ ಯಜಮಾನನು ದಯೆಯಿಂದಲೇ ಅದನ್ನು ಕೆರೆಗೆ ಬಿಟ್ಟುಬರುವನು. ಈ ದಯೆಯಿಂದ ಆಗುವ ಕೇಡು ದೊಡ್ಡದು. ಇದರ ಗಂಡು ಮೊಟ್ಟೆಗಳನ್ನು ಕಾಯುವುದಕ್ಕಾಗಿ ದಂಡೆಯ ಮಣ್ಣಿನಲ್ಲಿ ಎರಡು ಮೊಳದಷ್ಟು ಆಳಕ್ಕೂ ಬಿಲ ತೋಡಬಲ್ಲದು. ಅಮೇರಿಕಾದ ಫ್ಲಾರಿಡಾ, ಮೆಕ್ಸಿಕೋ, ಫಿಲಿಪೈನ್ಸ್ ಸೀಮೆಗಳಲ್ಲಿ ಹೀಗೆ ತೋಡಿದ ಬಿಲಗಳಿಂದ ದಂಡೆಗಳು ಕುಸಿದಿರುವುದು ಕಂಡುಬಂದಿದೆ. ನೀರಿನಲ್ಲಿ ಪ್ರಾಣವಾಯು ಕಡಿಮೆಯಾದರೆ ಮೇಲಕ್ಕೆ ಬಂದು ಗಾಳಿಯನ್ನು ನುಂಗಿ ಜೀರ್ಣಕೋಶದ ಮೂಲಕ ಉಸಿರಾಡುವುದರಿಂದ, ಇತರ ಮೀನುಗಳು ಸಾಯುವ ಕೊಳೆನೀರಿನಲ್ಲಿಯೂ ಇದು ಬಾಳುವುದು. ಕವಚವೂ ಮುಳ್ಳೂ ಇರುವುದರಿಂದ ಕೊಕ್ಕರೆ, ಮುರುಗೋಡು ಮೀನುಗಳು ಇದನ್ನು ಸುಲಭವಾಗಿ ನುಂಗಲಾರವು. ಬೆಸ್ತರ ಬಲೆಗಳು ಮಾತ್ರ ಹರಿಯುವುವು. ಆಂಧ್ರ, ತೆಲಂಗಾಣ ಪ್ರಾಂತಗಳ ಜಲಾಶಯಗಳಲ್ಲಿ ಈ ಮೀನು ಹರಡಿ ಬೆಸ್ತರಿಗೆ ತೊಂದರೆಯಾಗಿರುತ್ತದೆ.

ನಮ್ಮ ಕೆರೆಗಳ ಕಟ್ಟುಪಾಡು ಇಂತಹ ಹರಡುವಿಕೆಗೆ ಹೇಳಿಮಾಡಿಸಿದಂತಿದೆ. ಮೇಲಿನ ಕೆರೆ ಕೋಡಿ ಹರಿದರೆ ಕೆಳಗಿನ ಕೆರೆಗೆ, ಅದು ತುಂಬಿದರೆ ಮುಂದಿನ ಹಳ್ಳಕ್ಕೆ, ಅಲ್ಲಿಂದ ಅರ್ಕಾವತಿಗೋ ಕಣ್ವಕ್ಕೋ, ಕೊನೆಗೆ ಕಾವೇರಿಗೆ. ಒಂದು ಮನೆಯ ತೊಟ್ಟಿಯಿಂದ ಹೊರಟ ಜೋಡಿ ಮೀನು ಒಳ್ಳೆಯ ಮಳೆಯ ವರ್ಷವೊಂದರಲ್ಲಿ ಎಲ್ಲಿಗೆ ಹೋಗುವುದೆಂದು ಹೇಳುವವರು ಯಾರು? ಒಮ್ಮೆ ಬಿಟ್ಟ ಮೀನನ್ನು ಮರಳಿ ಕರೆಯುವ ಉಪಾಯವಿಲ್ಲವೆಂಬುದಕ್ಕೆ ಜಿಲೇಬಿ ಮೀನೇ ನಿದರ್ಶನ. 1952ರಲ್ಲಿ ಒಳ್ಳೆಯ ಉದ್ದೇಶದಿಂದಲೇ ಭಾರತಕ್ಕೆ ತಂದ ಟಿಲಾಪಿಯಾ ಇಂದು ಎಷ್ಟು ಕೆರೆಗಳಲ್ಲಿದೆಯೆಂಬುದನ್ನು ಬಲೆ ಹಾಕುವವರನ್ನು ಕೇಳಿದರೆ ತಿಳಿಯುವುದು.

ಆದುದರಿಂದ ಬೆಳೆದುಹೋದ ಸಕ್ಕರ್ ಮೀನನ್ನು ಕೊಂಡ ಅಂಗಡಿಗೇ ಹಿಂದಿರುಗಿಸುವುದು ಅಥವಾ ದೊಡ್ಡ ತೊಟ್ಟಿಯುಳ್ಳವರಿಗೆ ಕೊಡುವುದು ಯುಕ್ತ. ಕೆರೆ, ಕುಂಟೆ, ಕಲ್ಯಾಣಿ, ಬಾವಿ, ಕೃಷಿಹೊಂಡ ಯಾವುದಕ್ಕೂ ಬಿಡಕೂಡದು. ಕೆರೆಯ ಮೀನಿನ ಗುತ್ತಿಗೆ ಹಿಡಿದವರ ಬಲೆಗೆ ಇದು ಬಿದ್ದರೆ ಮತ್ತೆ ನೀರಿಗೆಸೆಯದೆ ದಡದಲ್ಲಿಯೇ ಉಳಿಸಿಕೊಂಡು, ತಾಲ್ಲೂಕಿನ ಮೀನುಗಾರಿಕೆ ಇಲಾಖೆಯವರಿಗೆ ತಿಳಿಸುವಂತೆ ಮುಖಂಡರು ಅವರಿಗೆ ಹೇಳಿಡುವುದು ಒಳ್ಳೆಯದು. ಒಳಮೈಗೆ ಕಲ್ಲು ಹೊದಿಸಿದ ಏರಿಗೆ ಅಪಾಯ ಅಷ್ಟಾಗಿಲ್ಲ. ಬರಿಯ ಮಣ್ಣಿನ ದಂಡೆಯುಳ್ಳ ಕುಂಟೆಗಳನ್ನೂ ಕಾಲುವೆಗಳನ್ನೂ ಬೇಸಗೆಯಲ್ಲಿ ನೀರು ಇಳಿದಾಗ ಒಮ್ಮೆ ಸುತ್ತಿ ನೋಡತಕ್ಕದ್ದು. ಹಳೆಯ ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ, ಅಂಗೈ ಅಗಲದ ಬಾಯಿಯುಳ್ಳ ತೂತುಗಳು ಒಂದರ ಪಕ್ಕದಲ್ಲೊಂದು ಕಂಡುಬಂದರೆ, ಅವು ಏಡಿಯ ಬಿಲಗಳೋ ಮೀನಿನವೋ ಎಂಬುದನ್ನು ಇಲಾಖೆಯವರಿಗೆ ತೋರಿಸಿದ ಮೇಲೆ, ಮಳೆಗಾಲಕ್ಕೆ ಮುಂಚೆಯೇ ಜೇಡಿಮಣ್ಣು ತುಂಬಿ ದಿಮ್ಮಿಸಿಬಿಡುವುದು.